ಟ್ರೇಲರ್‌ಗೆ ಮರೈನ್ ಪ್ಲೈ ಹಾಕಿದರೆ ಸಾಕೇ?

ಮಳೆಗಾಲ ಮುಗಿಯುತ್ತಿದ್ದಂತೆ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರನ್ನು ಮನೆಯಲ್ಲೇ ಕಟ್ಟಬೇಕೆಂದಿರುವವರ ಪತ್ರಗಳು ಬರತೊಡಗುತ್ತವೆ. ಬಹುಪಾಲು ಪತ್ರಗಳಲ್ಲಿರುವುದು ಒಂದೇ ಪ್ರಶ್ನೆ. ಅದಕ್ಕೆ ಒಮ್ಮೆ ವಿವರವಾಗಿ ಉತ್ತರಿಸಿಬಿಡುತ್ತೇನೆ. ಚಾಸಿಸ್ ಬೆಸುಗೆ, ಅಳತೆ, ಕೊಯ್ತದ ಕೆಲಸ ಬಲ್ಲವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿಯ ಹತ್ತಿರ. ಇಬ್ಬರು ಮಲಗುವಷ್ಟು ಪುಟ್ಟ ಟ್ರೇಲರ್ ಕಟ್ಟುತ್ತಿದ್ದೇನೆ. ಅಂಗಡಿಯವರು ಮರೈನ್ ಪ್ಲೈ (ನೀರಿಗೆ ಬಿಡದ ಅಂಟಿನ ಪ್ಲೈವುಡ್) ಹಾಕಿದರೆ ಬಣ್ಣವೂ ಬೇಡ ಎನ್ನುತ್ತಾರೆ. ಬಡಗಿ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ದರ್ಜೆಯ ಪ್ಲೈ) ಸಾಕು ಎನ್ನುತ್ತಾರೆ. ಯಾರ ಮಾತು ಸರಿ?

ಬಡಗಿಯ ಮಾತು ಅರ್ಧ ಸರಿ. ಅಂಗಡಿಯವರ ಮಾತು ಪೂರ್ತಿ ತಪ್ಪು. ಐಎಸ್ 710 ಎಂಬ ಭಾರತೀಯ ಮಾನಕದ ಮರೈನ್ ಪ್ಲೈವುಡ್ಡಿನ ತುಂಡನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ, ಐಎಸ್ 303ರ ಬಿಡಬ್ಲ್ಯುಆರ್ ದರ್ಜೆಯದನ್ನು 8 ಗಂಟೆ ಕುದಿಸುತ್ತಾರೆ, ಎಂಆರ್ (ತೇವ ತಡೆಯುವ) ದರ್ಜೆಯದನ್ನು 60 ಡಿಗ್ರಿ ನೀರಿನಲ್ಲಿ 3 ಗಂಟೆ ಮಾತ್ರ ಇಡುತ್ತಾರೆ. ಈ ಮೂರರಲ್ಲೂ ಪರೀಕ್ಷೆಗೆ ಒಳಗಾಗುವುದು ಪದರಗಳ ನಡುವಿನ ಅಂಟು. ಮೊದಲೆರಡರಲ್ಲಿ ಬಳಸುವ ಫೀನಾಲ್ ಅಂಟು ನೀರಿಗೆ ಬಿಡುವುದಿಲ್ಲವೆಂಬುದು ನಿಜ, ಆದರೆ ಆ ಪದರಗಳು ಮರವೇ ಆಗಿರುವುದರಿಂದ ನೀರು ಕುಡಿಯುತ್ತವೆ, ಉಬ್ಬುತ್ತವೆ, ಒಣಗುವಾಗ ಸೀಳುತ್ತವೆ. ಮರೈನ್ ಪ್ಲೈಗೆ ಕೀಟ, ಶಿಲೀಂಧ್ರಗಳ ವಿರುದ್ಧ ಸಂಸ್ಕರಣೆ ಆಗಿರಬೇಕೆಂದು ಮಾನಕವೇ ಹೇಳುತ್ತದೆ. ಆದರೂ ಬಣ್ಣವಿಲ್ಲದೆ ಮಲೆನಾಡಿನ ಮಳೆಗೆ ಬಿಟ್ಟರೆ ಅದರ ಮೇಲ್ಪದರ ಬಿರಿಯದೆ ಇರದು.

ನೀರು ಒಳಹೋಗುವ ದಾರಿ ಬಹುತೇಕ ಹಾಳೆಯ ಮುಖವಲ್ಲ, ಅಂಚು. ಗರಗಸ ಆಡಿದಲ್ಲಿ ನಾರಿನ ಕೊಳವೆಗಳ ಬಾಯಿ ತೆರೆದಿರುತ್ತದೆ. ಸ್ಕ್ರೂ ಕೊರೆದ ತೂತು, ಕಿಟಕಿಗೆ ಕತ್ತರಿಸಿದ ಚೌಕ, ಬಾಗಿಲಿನ ಕೆಳತುದಿ, ಎಲ್ಲವೂ ಅಂಚುಗಳೇ. ಹಳೆಯ ಟ್ರೇಲರ್‌ಗಳಲ್ಲಿ ಮರ ಲಡ್ಡು ಹಿಡಿದು ಕೊಳೆಯುವುದು ಮೊದಲು ಕಿಟಕಿಯ ಕೆಳಮೂಲೆಯಲ್ಲಿ: ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಹಸಿ ರಟ್ಟಿನಂತೆ ಒಳಗೆ ಕುಸಿಯುತ್ತದೆ. ಮರದ ತೇವಾಂಶವನ್ನು ಶೇಕಡ 20ರ ಕೆಳಗೆ ಇಟ್ಟರೆ ಲಡ್ಡು ತರುವ ಶಿಲೀಂಧ್ರ ಬೆಳೆಯುವುದಿಲ್ಲ. ನಿಮ್ಮ ಕೆಲಸವೆಲ್ಲ ಇದಕ್ಕಾಗಿಯೇ.

ಆದ್ದರಿಂದ ಕತ್ತರಿಸಿದ ಪ್ರತಿ ಅಂಚಿಗೂ, ಜೋಡಿಸುವ ಮೊದಲೇ, ತೆಳು ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಕುಡಿಯುವಷ್ಟು ಕುಡಿಸಿ ಮೇಲೆ ಇನ್ನೆರಡು ಕೋಟ್ ಕೊಡಿ. ಇದನ್ನು ಸಂಜೆ, ಮರ ತಣ್ಣಗಾಗುತ್ತಿರುವಾಗ ಮಾಡಬೇಕು. ಬಿಸಿಲೇರುವ ಹೊತ್ತಿನಲ್ಲಿ ಹಚ್ಚಿದರೆ ಒಳಗಿನ ಗಾಳಿ ಹಿಗ್ಗಿ ಹೊರಬಂದು ಲೇಪದ ತುಂಬ ಗುಳ್ಳೆಗಳೇಳುತ್ತವೆ. ಸ್ಕ್ರೂ ಬರುವಲ್ಲಿ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯಿರಿ. ಎಪಾಕ್ಸಿ ಬಿಸಿಲಿಗೆ ಹಾಳಾಗುವುದರಿಂದ ಮೇಲೆ ತಿಳಿ ಬಣ್ಣದ ಪೇಂಟ್ ಕಡ್ಡಾಯ. ಕಿಟಕಿಯ ಸುತ್ತ ಪಾಲಿಯುರೆಥೇನ್ ಸೀಲಂಟ್ ಹಾಕಿ. ಸಿಲಿಕೋನ್ ಬಳಿದ ಜಾಗದಲ್ಲಿ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಇನ್ನು ಆಯ್ಕೆಯ ವಿಚಾರ. ನೆಲಕ್ಕೆ 12 ಮಿ.ಮೀ. ಐಎಸ್ 710, ಗೋಡೆಗೆ ಹಿಂದೆ ಚೌಕಟ್ಟಿನ ಆಧಾರವಿದ್ದರೆ 9 ಮಿ.ಮೀ., ಬಾಗಿದ ಚಾವಣಿಗೆ 4 ಮಿ.ಮೀ. ಹಾಳೆಗಳೆರಡನ್ನು ಎಪಾಕ್ಸಿಯಿಂದ ಒಂದರ ಮೇಲೊಂದು ಬಾಗಿಸಿ ಅಂಟಿಸುವುದು, ಇದು ನನ್ನ ಸಲಹೆ. ಕಾಸಿನ ಚಿಂತೆಯಿದ್ದರೆ ಗೋಡೆಗೆ ಬಿಡಬ್ಲ್ಯುಆರ್ ಆಗಬಹುದು. ಬಡಗಿಯ ಮಾತು ಅರ್ಧ ಸರಿ ಎಂದದ್ದು ಅದಕ್ಕೇ. ‘ಗಟ್ಟಿಯಿರಲಿ’ ಎಂದು ಎಲ್ಲೆಡೆ 19 ಮಿ.ಮೀ. ಬಡಿಯುವವರಿಗೆ ಒಂದು ಲೆಕ್ಕ: 8×4 ಅಡಿಯ 12 ಮಿ.ಮೀ. ಹಾಳೆ ಸುಮಾರು 25 ಕಿಲೋ ತೂಗಿದರೆ 19 ಮಿ.ಮೀ. ಹಾಳೆ 40 ಕಿಲೋದ ಹತ್ತಿರ ತೂಗುತ್ತದೆ. ಆಗುಂಬೆ ಘಾಟಿಯಲ್ಲಿ ಅದನ್ನು ಎಳೆಯುವುದು ನಿಮ್ಮ ಕಾರು.

ಅಂಗಡಿಯಲ್ಲಿ ಹಾಳೆಯ ಮೇಲೆ ‘ಮರೈನ್’ ಎಂಬ ಅಚ್ಚು ನೋಡಿ ನಂಬಬೇಡಿ. ಐಎಸ್ಐ ಗುರುತು, ಅದರ ಮೇಲೆ 710 ಎಂಬ ಸಂಖ್ಯೆ, ಕೆಳಗೆ ಸಿಎಂ/ಎಲ್ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರು ಯಾರೆಂದು ಅಲ್ಲೇ ತಿಳಿಯುತ್ತದೆ. ಅಂಟಿನ ಗೆರೆ ಕಡುಕಂದಾಗಿರುವುದು ಒಳ್ಳೆಯ ಲಕ್ಷಣವಾದರೂ ಸಾಕ್ಷಿಯಲ್ಲ, ಅಂಟಿಗೆ ಬಣ್ಣ ಬೆರೆಸುವುದು ಕಷ್ಟವೇನಲ್ಲ. ಅಂಚಿನಲ್ಲಿ ಪದರಗಳ ನಡುವೆ ಸಂದು ಕಂಡರೆ ಆ ಹಾಳೆ ಬೇಡ.

ಪ್ರಶ್ನೆ: ಒಳಗಿನ ಕಪಾಟು, ಹಾಸಿಗೆಯ ಹಲಗೆಗೆ ಅಗ್ಗದ ಎಂಆರ್ ಪ್ಲೈ ಆಗದೇ? ಅಲ್ಲಿ ಮಳೆ ಬೀಳುವುದಿಲ್ಲವಲ್ಲ?

ಆಗದು. ಎರಡು ಜೀವ ರಾತ್ರಿಯಿಡೀ ಉಸಿರು ಬಿಟ್ಟರೆ ಬೆಳಗ್ಗೆ ಗೋಡೆಯಲ್ಲಿ ನೀರು ಇಳಿಯುತ್ತಿರುತ್ತದೆ. ಎಂಆರ್ ಪ್ಲೈಯ ಯೂರಿಯಾ ಅಂಟು ಫಾರ್ಮಾಲ್ಡಿಹೈಡ್ ಅನಿಲವನ್ನೂ ಹೆಚ್ಚು ಬಿಡುತ್ತದೆ. 2005ರ ಕತ್ರೀನಾ ಚಂಡಮಾರುತದ ನಿರಾಶ್ರಿತರಿಗೆ ಅಮೆರಿಕ ಸರ್ಕಾರ ಕೊಟ್ಟ ಟ್ರೇಲರ್‌ಗಳಲ್ಲಿ ಈ ಅನಿಲದ ಪ್ರಮಾಣ ಹೆಚ್ಚಿದ್ದುದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಪರೀಕ್ಷೆಯಲ್ಲೇ ಕಂಡುಬಂದಿತ್ತು. ಮಕ್ಕಳನ್ನು ಮಲಗಿಸುವ ಪೆಟ್ಟಿಗೆಯಲ್ಲಿ ಈ ಉಳಿತಾಯ ಬೇಡ. ಚಾವಣಿಯ ಬಳಿ ಗಾಳಿಕಿಂಡಿಯನ್ನೂ ಮರೆಯಬೇಡಿ.

ಪ್ರಶ್ನೆ: ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಬಳಿದರೆ ಗೆದ್ದಲೂ ನೀರೂ ತಾಗುವುದಿಲ್ಲವಂತೆ?

ಈ ಮಾತು ಹೇಳಿದವರು ಅವರ ಹಾಸಿಗೆಯ ಕೆಳಗೆ ಮೊದಲು ಬಳಿದುಕೊಳ್ಳಲಿ. ಎಣ್ಣೆ ಕುಡಿದ ಹಲಗೆಗೆ ಮುಂದೆ ಅಂಟೂ ಹಿಡಿಯದು, ಬಣ್ಣವೂ ಹಿಡಿಯದು.

ಪ್ರಶ್ನೆ: ಅಂಗಡಿಯವರು ಅರ್ಧ ಗಂಟೆ ಕುದಿಸಿ ತೋರಿಸಿದರು. ನಂಬಬಹುದೇ?

ಅರ್ಧ ಗಂಟೆಯಲ್ಲಿ ಅನ್ನ ಬೇಯುತ್ತದೆ, ಮರೈನ್ ದರ್ಜೆ ತಿಳಿಯುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಟಾರ್ಪಾಲಿನಿಂದ ಬಿಗಿಯಾಗಿ ಸುತ್ತಿಟ್ಟರೆ ಸಾಕೇ?

ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಬರುತ್ತದೆ. ಶೆಡ್ಡಿನಲ್ಲಿ, ಮೂತಿ ತುಸು ತಗ್ಗಿಸಿ, ಕಿಂಡಿಗಳನ್ನು ತೆರೆದಿಟ್ಟು ನಿಲ್ಲಿಸಿ.

ಪ್ರಶ್ನೆ: ಮನೆಯಲ್ಲೇ ಕಟ್ಟಿದ್ದಕ್ಕೆ ನೋಂದಣಿ ಬೇಕೇ?

ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ವಾಹನವೇ. ಪ್ಲೈ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.