ಕಯಾಕ್‌ನಿಂದ ಸಾಲ್ಮನ್ ಹಿಡಿಯಲು ಎಷ್ಟುದ್ದದ ರಾಡ್ ಬೇಕು?

ಪ್ರಶ್ನೆ: ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿದ್ದೇನೆ. ಈ ವರ್ಷ ಹನ್ನೆರಡು ಅಡಿ ಉದ್ದದ, ಹುಟ್ಟು ಹಾಕಿ ನಡೆಸುವ ಕಯಾಕ್ ಕೊಂಡಿದ್ದೇನೆ. ಇಲ್ಲಿನ ಸಮುದ್ರದ ಕೊಲ್ಲಿಯಾದ ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್ ಹಿಡಿಯುವ ಆಸೆಯಿದೆ. ಅಂಗಡಿಯವರು ಹತ್ತೂವರೆ ಅಡಿಯ ರಾಡ್ ತೋರಿಸಿ, ಸಾಲ್ಮನ್‌ಗೆ ಇದೇ ಸರಿ ಎಂದರು. ಕಯಾಕ್ ಇರುವ ಸಹೋದ್ಯೋಗಿಯೊಬ್ಬರು ಆರು ಅಡಿ ಸಾಕು ಎನ್ನುತ್ತಾರೆ. ಕುಂದಾಪುರದ ಹೊಳೆಯಲ್ಲಿ ಗಾಳ ಹಾಕಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಅಂಗಡಿಯವರು ಹೇಳಿದ್ದು ದೊಡ್ಡ ದೋಣಿಯ ಮಟ್ಟಿಗೆ ನಿಜ. ಅಲ್ಲಿ ಒಬ್ಬರು ಎದ್ದು ನಿಂತು ರಾಡ್ ಹಿಡಿದಿರುತ್ತಾರೆ, ಇನ್ನೊಬ್ಬರು ಉದ್ದ ಹಿಡಿಯ ಕೈಬಲೆಯೊಂದಿಗೆ ಅಂಚಿನಲ್ಲಿ ಕಾಯುತ್ತಾರೆ. ಕಯಾಕ್‌ನಲ್ಲಿ ನೀವೊಬ್ಬರೇ, ಅದೂ ಕಾಲು ಚಾಚಿ ಕುಳಿತವರು. ರಾಡ್ ಹಿಡಿಯುವವರೂ ಬಲೆ ಹಾಕುವವರೂ ನೀವೇ. ಆದ್ದರಿಂದ ಮೀನಿನ ಗಾತ್ರಕ್ಕಿಂತ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ದೋಣಿಯ ಅಳತೆ ಮತ್ತು ನಿಮ್ಮ ತೋಳಿನ ಅಳತೆ.

ಹನ್ನೆರಡು ಅಡಿಯ ಕಯಾಕ್‌ನಲ್ಲಿ ಕುಳಿತ ಜಾಗದಿಂದ ಮೂತಿಯವರೆಗೆ ಹೆಚ್ಚುಕಡಿಮೆ ಆರು ಅಡಿ ಇರುತ್ತದೆ. ಗಾಳ ಕಚ್ಚಿದ ಸಾಲ್ಮನ್ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ದೋಣಿಯಡಿ ನುಗ್ಗುವುದು ಸಾಮಾನ್ಯ. ಆಗ ನೀವು ಕೈ ಮುಂದಕ್ಕೆ ಚಾಚಿ, ರಾಡಿನ ತುದಿಯನ್ನು ಮೂತಿಯ ಆಚೆಗೆ ದಾಟಿಸಿ, ದಾರವನ್ನು ಮೀನು ಹೋದ ಬದಿಗೆ ತರಬೇಕು. ಬಾಗಿದ ರಾಡ್ ತನ್ನ ಪೂರ್ಣ ಉದ್ದಕ್ಕೆ ಚಾಚುವುದಿಲ್ಲವಾದ್ದರಿಂದ ಆರು ಅಡಿಯದು ಇಲ್ಲಿ ಸೋಲುತ್ತದೆ, ದಾರ ದೋಣಿಯ ತಳಕ್ಕೆ ಉಜ್ಜಿ ಹರಿಯುವ ಅಪಾಯವೂ ಇದೆ. ಹತ್ತೂವರೆ ಅಡಿಯದರ ತೊಂದರೆ ಬೇರೆ. ದಾರ ತುದಿಗೆ ಸುತ್ತಿಕೊಂಡರೆ ಅಥವಾ ಪಾಚಿಯ ಎಳೆ ತುದಿಯ ಉಂಗುರಕ್ಕೆ ಸಿಕ್ಕಿಕೊಂಡರೆ, ಕುಳಿತಲ್ಲಿಂದ ಅಲ್ಲಿಗೆ ಕೈ ಎಟುಕುವುದಿಲ್ಲ. ಮೀನು ಮಗ್ಗುಲಿಗೆ ಬಂದಾಗ ಅಷ್ಟು ಉದ್ದದ ಕೋಲನ್ನು ಒಂದೇ ಕೈಯಲ್ಲಿ ಹಿಂದಕ್ಕೆ ವಾಲಿಸಿ ಹಿಡಿದು ಮತ್ತೊಂದು ಕೈಯಲ್ಲಿ ಬಲೆ ಚಾಚುವುದು ಮಣಿಕಟ್ಟಿಗೆ ಬಲು ಭಾರ. ಏಳೂವರೆಯಿಂದ ಎಂಟೂವರೆ ಅಡಿಯ ನಡುವಿನದನ್ನು ಕೊಳ್ಳಿ ಎಂಬುದು ನನ್ನ ಸಲಹೆ.

ಈ ಒಂದಡಿಯ ಅಂತರದಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ನೀವು ಮೀನು ಹಿಡಿಯುವ ಕ್ರಮವೇ ನಿರ್ಧರಿಸುತ್ತದೆ. ನಿಮ್ಮ ಕಡೆ ಹೆಚ್ಚಿನವರು ಟ್ರೋಲಿಂಗ್ ಮಾಡುತ್ತಾರೆ, ಅಂದರೆ ದೋಣಿ ನಿಧಾನವಾಗಿ ಸಾಗುತ್ತಿರುವಾಗ ಎರೆಯನ್ನು ಹಿಂದೆ ಎಳೆಯುತ್ತಾರೆ. ಗಂಟೆಗೆ ಎರಡು, ಎರಡೂವರೆ ಮೈಲಿ ವೇಗ ಸಾಕು. ಹುಟ್ಟು ಹಾಕಿಯೇ ಅದನ್ನು ಸಾಧಿಸಬಹುದು. ಈ ಕ್ರಮದಲ್ಲಿ ಮೊದಲು ಸೀಸದ ಭಾರ, ಅದರ ಹಿಂದೆ ನಾಲ್ಕಡಿ ದಾರ, ಆಮೇಲೆ ತಿರುತಿರುಗಿ ಮಿನುಗುವ ಹನ್ನೊಂದು ಅಂಗುಲದ ಫ್ಲ್ಯಾಷರ್ ಹಲಗೆ, ಅದರ ಹಿಂದೆ ಇನ್ನೂ ಮೂರಡಿ ದಾರ, ಕೊನೆಗೆ ಗಾಳ, ಹೀಗೆ ಕಟ್ಟುವುದು ರೂಢಿ. ಭಾರ ರಾಡಿನ ತುದಿಗೆ ಬಂದು ತಾಗಿದ ಮೇಲೆ ರೀಲ್ ಸುತ್ತಲು ಬಾರದು; ಆದರೆ ಮೀನು ಆಗಲೂ ಅಲ್ಲಿಂದ ಎಂಟಡಿ ದೂರದಲ್ಲಿರುತ್ತದೆ. ಹೊಸಬರು ಮೀನನ್ನು ಕಳೆದುಕೊಳ್ಳುವುದು, ಕೆಲವೊಮ್ಮೆ ಹಿಂದಕ್ಕೆ ವಾಲಿ ತಾವೇ ನೀರಿಗೆ ಬೀಳುವುದು ಈ ಎಂಟಡಿಯಿಂದಲೇ. ಇದಕ್ಕಾಗಿ ಇನ್ನೂ ಉದ್ದದ ರಾಡ್ ಕೊಳ್ಳುವ ಬದಲು, ಭಾರ ಮತ್ತು ಫ್ಲ್ಯಾಷರ್ ನಡುವಿನ ದಾರವನ್ನು ಎರಡಡಿಗೆ ಇಳಿಸಿ, ಅಥವಾ ಫ್ಲ್ಯಾಷರನ್ನೇ ಬಿಟ್ಟು ಸ್ಪೂನ್, ಅಂದರೆ ಚಮಚದಂತೆ ಬಾಗಿದ ಲೋಹದ ಹುಸಿ ಎರೆ, ಮಾತ್ರ ಕಟ್ಟಿ. ಟ್ರೋಲಿಂಗ್ ನಿಮ್ಮ ಮುಖ್ಯ ಕ್ರಮವಾದರೆ ಎಂಟೂವರೆ ಅಡಿಯ ರಾಡ್ ತೆಗೆದುಕೊಳ್ಳಿ. ನಿಂತ ದೋಣಿಯಿಂದ ಜಿಗ್ ಎಂಬ ಭಾರವಾದ ಲೋಹದ ಹುಸಿ ಎರೆಯನ್ನು ಇಳಿಸಿ ಕುಣಿಸುವುದಾದರೆ ಏಳೂವರೆ ಸಾಕು.

ಇನ್ನು ರಾಡ್ ಎಷ್ಟು ಗಡುಸಾಗಿರಬೇಕೆಂಬುದು. ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್ ಹಿಡಿಯುವವರು ಹಿಮ್ಮುಳ್ಳಿಲ್ಲದ ಗಾಳವನ್ನೇ ಬಳಸಬೇಕೆಂಬ ನಿಯಮವಿದೆ. ಅಂಥ ಗಾಳ ಮೀನಿನ ಬಾಯಲ್ಲಿ ನಿಲ್ಲುವುದು ದಾರ ಬಿಗಿಯಾಗಿರುವಷ್ಟು ಹೊತ್ತು ಮಾತ್ರ. ಕೋಹೊ ಜಾತಿಯ ಸಾಲ್ಮನ್ ಕಚ್ಚಿದ ಮೇಲೆ ಮೇಲಕ್ಕೆ ನೆಗೆಯುತ್ತದೆ, ಹೊರಳುತ್ತದೆ, ದೋಣಿಯತ್ತಲೇ ಓಡಿಬಂದು ದಾರವನ್ನು ಸಡಿಲ ಮಾಡಿಬಿಡುತ್ತದೆ. ತುದಿಯಲ್ಲಷ್ಟೇ ಬಾಗುವ ಬಿರುಸಾದ ರಾಡ್‌ಗಿಂತ ನಡುವಿನವರೆಗೂ ಬಾಗುವ, ಅಂಗಡಿಗಳಲ್ಲಿ ಮಾಡರೇಟ್ ಎಂದು ಕರೆಯುವ ರಾಡ್ ಇಂಥ ಕಡೆ ಮೇಲು. ಅದರ ಬಾಗು ಸಡಿಲವನ್ನು ತಾನೇ ನುಂಗಿಕೊಳ್ಳುತ್ತದೆ, ಹುಟ್ಟಿನ ಪ್ರತಿ ಎಳೆತಕ್ಕೂ ಉಂಟಾಗುವ ಜಗ್ಗಾಟವನ್ನೂ ತಗ್ಗಿಸುತ್ತದೆ. ರಾಡಿನ ಬುಡದ ಬರಹದಲ್ಲಿ ದಾರದ ಶಕ್ತಿ 10ರಿಂದ 20 ಪೌಂಡ್ ಎಂದಿರಲಿ. ಆರರಿಂದ ಹನ್ನೆರಡು ಪೌಂಡ್ ತೂಗುವ ಕೋಹೊಗೆ ಇದು ಧಾರಾಳ. ಇಪ್ಪತ್ತು ಪೌಂಡ್ ದಾಟುವ ಚಿನೂಕ್ ಜಾತಿಯ ಸಾಲ್ಮನ್ ಸಿಕ್ಕರೂ, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ಬಿಗಿ) ಸರಿಯಿದ್ದರೆ, ಕೈಬಿಡದು. ಹಗುರವಾದ ಕಯಾಕ್ ಮೀನಿನ ಹಿಂದೆ ತಾನೂ ಸ್ವಲ್ಪ ಸಾಗುವುದರಿಂದ ದಾರದ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ. ಪಿಂಕ್ ಸಾಲ್ಮನ್ ನಿಮ್ಮ ಕೊಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ. ಮೂರು ನಾಲ್ಕು ಪೌಂಡಿನ ಆ ಮೀನಿಗೆಂದೇ ಇನ್ನೊಂದು ಹಗುರ ರಾಡ್ ಕೊಳ್ಳುವುದು ಹವ್ಯಾಸ ತಲೆಗೇರಿದವರ ಮಾತು, ಈಗಲೇ ಬೇಡ.

ಪೂರ್ತಿ ಗ್ರಾಫೈಟ್‌ನ ದುಬಾರಿ ರಾಡ್‌ಗೆ ಆಸೆಪಡಬೇಡಿ. ಅದು ಹಗುರ, ಸೂಕ್ಷ್ಮ. ಆದರೆ ಮೀನು ಮಗ್ಗುಲಲ್ಲಿರುವಾಗ ರಾಡನ್ನು ನೆಟ್ಟಗೆ ಮೇಲೆತ್ತಿದರೆ ತುದಿ ಚಟ್ಟನೆ ಮುರಿಯುತ್ತದೆ, ಮತ್ತು ಕಯಾಕ್‌ನಲ್ಲಿ ಕುಳಿತವರು ಅದೇ ಭಂಗಿಯಲ್ಲಿ ಮೀನನ್ನು ಬಲೆಗೆ ತರಬೇಕಾಗುತ್ತದೆ. ಗ್ರಾಫೈಟ್ ಮತ್ತು ಫೈಬರ್‌ಗ್ಲಾಸ್ ಬೆರೆಸಿ ಮಾಡಿದ ಸಾಧಾರಣ ಬೆಲೆಯದು ಹೆಚ್ಚು ತಾಳುತ್ತದೆ. ಹಿಡಿಯ ಉದ್ದವನ್ನು ಅಂಗಡಿಯಲ್ಲಿ ಯಾರೂ ಗಮನಿಸುವುದಿಲ್ಲ. ರೀಲಿನ ಹಿಂದಿನ ಭಾಗ ಉದ್ದವಾದರೆ ಪ್ರತಿ ಸುತ್ತಿಗೂ ಅದು ಲೈಫ್ ಜಾಕೆಟ್‌ಗೆ ತಗಲುತ್ತದೆ. ತೀರ ಮೋಟಾದರೆ ರಾಡ್ ಹೋಲ್ಡರ್‌ನಲ್ಲಿ ಭದ್ರವಾಗಿ ಕೂರುವುದಿಲ್ಲ. ಅಂಗಡಿಯಲ್ಲೇ ಜಾಕೆಟ್ ತೊಟ್ಟು, ನೆಲದ ಮೇಲೆ ಕುಳಿತು, ರೀಲ್ ಹಾಕಿಸಿ ಸುತ್ತಿ ನೋಡಿ. ನೋಡುವವರು ನಕ್ಕರೆ ನಗಲಿ. ರೀಲ್ ಕೊಳ್ಳುವಾಗ ಬಿಟ್ಟ ದಾರದ ಉದ್ದ ತೋರಿಸುವ ಲೈನ್ ಕೌಂಟರ್ ಮಾದರಿಯದನ್ನು ಆರಿಸಿದರೆ, ಮೀನು ಕಚ್ಚಿದಾಗ ಎಷ್ಟು ದಾರ ಹೊರಗಿತ್ತೋ ಅಷ್ಟನ್ನೇ ಮತ್ತೆ ಬಿಡಬಹುದು.

ರಾಡನ್ನು ದೋಣಿಗೆ ಕಟ್ಟಿಡಲು ಒಂದು ಹಗ್ಗವಿರಲಿ, ಕಟ್ಟದ ರಾಡ್ ಒಂದಲ್ಲ ಒಂದು ದಿನ ಸಮುದ್ರದ ಪಾಲು. ಮೀನನ್ನು ದೋಣಿಯೊಳಕ್ಕೆ ಎತ್ತುವ ಮುನ್ನ ಅದರ ಬೆನ್ನ ಮೇಲೆ, ಬಾಲಕ್ಕೆ ಹತ್ತಿರವಿರುವ ಸಣ್ಣ ರೆಕ್ಕೆಯನ್ನು ನೋಡಿ: ಅದನ್ನು ಕತ್ತರಿಸಿದ್ದರೆ ಮರಿಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನು, ಹಾಗೇ ಇದ್ದರೆ ಬಹುಮಟ್ಟಿಗೆ ಕಾಡುಮೀನು. ಇಟ್ಟುಕೊಳ್ಳಲು ಅನುಮತಿಯಿಲ್ಲದ ಸಾಲ್ಮನ್ ಅನ್ನು ದೋಣಿಯೊಳಗೆ ತರುವುದೇ ನಿಯಮಬಾಹಿರ, ನೀರಿನಲ್ಲಿರುವಾಗಲೇ ಗಾಳ ಬಿಡಿಸಬೇಕು. ರಾಡಿನ ತುದಿ ಮೀನನ್ನು ನಿಮ್ಮ ಕೈಯಳತೆಗೆ ತರಬಲ್ಲದೇ ಎಂಬ ಪ್ರಶ್ನೆ ಇಲ್ಲೂ ಮುಖ್ಯವಾಗುತ್ತದೆ. ಯಾವ ಪ್ರದೇಶದಲ್ಲಿ, ಯಾವ ವಾರ, ಯಾವ ಜಾತಿ ಎಂಬುದನ್ನು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಋತುವಿನ ನಡುವೆಯೂ ಬದಲಿಸುತ್ತದೆ, ಹೊರಡುವ ದಿನವೇ ನೋಡಿಕೊಳ್ಳಿ. ಆ ನೀರು ಬೇಸಿಗೆಯಲ್ಲೂ ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ರಾಡ್‌ಗೆಂದು ಎತ್ತಿಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ನೀರು ಒಳಬಿಡದ ಡ್ರೈಸೂಟ್ ಕೊಳ್ಳುವಿರಾದರೆ, ರಾಡ್ ಒಂದು ದರ್ಜೆ ಕಡಿಮೆಯದಾದರೂ ಚಿಂತೆಯಿಲ್ಲ.

ಪ್ರಶ್ನೆ: ಟೊರಾಂಟೊ ಬಳಿ ಒಂಟಾರಿಯೊ ಸರೋವರದಲ್ಲಿ ಕಯಾಕ್ ನಡೆಸುತ್ತೇನೆ. ಸಿಹಿನೀರಾದ್ದರಿಂದ ಇನ್ನೂ ಹಗುರವಾದ ರಾಡ್ ಸಾಕೇ?

ಉತ್ತರ: ಸಾಲದು. ಪೆಸಿಫಿಕ್ ಸಾಗರದಿಂದ ತಂದು ಆ ಸರೋವರದಲ್ಲಿ ಬಿಟ್ಟ ಚಿನೂಕ್‌ಗಳು ಅಲ್ಲಿ ಇಪ್ಪತ್ತು ಪೌಂಡ್ ಮೀರಿ ಬೆಳೆಯುತ್ತವೆ. ನಡುಬೇಸಿಗೆಯಲ್ಲಿ ಅವು ತಣ್ಣೀರನ್ನು ಅರಸಿ ಆಳಕ್ಕೂ ದೂರಕ್ಕೂ ಹೋಗಿರುತ್ತವೆ. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ನದೀಮುಖಗಳ ಬಳಿ ಸೇರುವಾಗ ಕಯಾಕ್‌ನಿಂದ ಸ್ಪೂನ್ ಎಸೆದು ಹಿಡಿಯಬಹುದು. ಅದಕ್ಕೆ ಎಂಟಡಿಯ, 12ರಿಂದ 25 ಪೌಂಡ್ ದಾರಕ್ಕೆ ಹೊಂದುವ, ಒಂದು ಔನ್ಸ್ ಸ್ಪೂನನ್ನು ದೂರಕ್ಕೆ ಎಸೆಯಬಲ್ಲ ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ತೂಗುವಂಥದು) ತೆಗೆದುಕೊಳ್ಳಿ.