ಊಟದ ಲೆಕ್ಕಕ್ಕೆ ಫೇರ್ ಕಾಪಿ ಬೇಡ

ಪತ್ರ:

ಮಾನ್ಯ ಸಂಪಾದಕರೆ, ನನಗೆ 63 ವರ್ಷ. ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ಸಕ್ಕರೆ ಕಾಯಿಲೆ ಬಂದು 8 ವರ್ಷ ಆಯಿತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) ಈ ಸಲ 8.4 ಬಂದಿದೆ. ಎರಡು ವಾರ ತಿಂದದ್ದೆಲ್ಲ ಬರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಬರೆಯುತ್ತಿದ್ದೇನೆ. ಆದರೆ ರಾತ್ರಿ ಎರಡು ಚಪಾತಿ ಅಂತ ಬರೆದರೆ ಮನೆಯವಳು ‘ಮೂರು’ ಅನ್ನುತ್ತಾಳೆ. ದಿನಾ ಇದೇ ಜಗಳ. ಚಿಕ್ಕಪುಟ್ಟದ್ದನ್ನೆಲ್ಲ ಬಿಟ್ಟು, ಕೊನೆಗೆ ಒಂದು ಫೇರ್ ಕಾಪಿ ಮಾಡಿ ಕೊಡೋಣ ಅಂತಿದ್ದೇನೆ. ತುತ್ತು ಎಣಿಸುವುದು ನಮ್ಮ ಪದ್ಧತಿಯೇ ಅಲ್ಲ. ನಮ್ಮ ಹಿರಿಯರು ಎಣಿಸದೆ ಉಂಡು ಚೆನ್ನಾಗಿ ಬದುಕಲಿಲ್ಲವೇ? ಅಂದಾಜು ಬರೆದರೆ ಸಾಲದೆ? ಮನೆಯವಳು ನನಗಿಂತ ಕಡಿಮೆ ತಿನ್ನುತ್ತಾಳೆ, ಅವಳ ಹಿಮೋಗ್ಲೋಬಿನ್ 9. ಅವಳಿಗೆ ಯಾರೂ ಪುಸ್ತಕ ಇಡು ಅಂದಿಲ್ಲ.
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಫೇರ್ ಕಾಪಿ ವಿಷಯ ಮಾತಾಡೋಣ.

ನೀವು ಕ್ಯಾಶ್ ಬುಕ್ ನೋಡಿಕೊಂಡು ಬಂದವರು. ಅದರ ಕಟ್ಟುನಿಟ್ಟು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಣ ಕೈಗೆ ಬಂದ ಕೂಡಲೇ ಬರೆಯಬೇಕು. ಅಳಿಸುವ ಹಾಗಿಲ್ಲ, ಅಂಕಿಯ ಮೇಲೆ ಅಂಕಿ ತಿದ್ದುವ ಹಾಗಿಲ್ಲ. ತಪ್ಪಾದರೆ ಗೆರೆ ಎಳೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಒಬ್ಬ ಗುಮಾಸ್ತ ನಿಮ್ಮ ಮೇಜಿನ ಮುಂದೆ ನಿಂತು, ‘ಸರ್, ಚಿಲ್ಲರೆ ಖರ್ಚೆಲ್ಲ ಬಿಟ್ಟು ಹೊಸದಾಗಿ ಬರೆದು ಆಡಿಟ್‌ಗೆ ಕೊಡ್ತೀನಿ’ ಅಂದಿದ್ದರೆ ಏನು ಮಾಡುತ್ತಿದ್ದಿರಿ? ಸರ್ಕಾರದ ಹಣಕ್ಕೆ ತೋರಿಸಿದ ಆ ನಿಷ್ಠೆಯನ್ನು ನಿಮ್ಮ ದೇಹಕ್ಕೂ ತೋರಿಸಿ ಎಂದು ಕೇಳುತ್ತಿದ್ದೇನೆ, ಅಷ್ಟೆ.

ಅಂದಾಜು ಸಾಲದೆ ಎಂದು ಕೇಳಿದ್ದೀರಿ. ಅಂದಾಜು ಅಂದರೆ ಎರಡೂ ಕಡೆಗೆ ತಪ್ಪಬೇಕು, ಅಲ್ವಾ? ಒಂದು ದಿನ ಜಾಸ್ತಿ, ಇನ್ನೊಂದು ದಿನ ಕಡಿಮೆ. ನಿಮ್ಮದು ದಿನಾ ಒಂದೇ ಕಡೆಗೆ ತಪ್ಪುತ್ತಿದೆ. ಮೂರು ಎರಡಾಗುತ್ತದೆ. ಎರಡು ಯಾವತ್ತೂ ಮೂರಾಗುವುದಿಲ್ಲ. ಸಂತೆಯಲ್ಲಿ ಇಂಥ ತಕ್ಕಡಿ ಕಂಡರೆ ನಾವು ಅದನ್ನು ಅಂದಾಜು ಅನ್ನುವುದಿಲ್ಲ.

ಎಣಿಕೆಯಿಂದ ಯಾರಿಗೂ ತೊಂದರೆ ಇಲ್ಲ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ, ಅದರಲ್ಲೂ ಹರೆಯದ ಮಕ್ಕಳಿಗೆ, ಎಣಿಸುವುದೇ ಒಂದು ಕಾಯಿಲೆಯಾಗುತ್ತದೆ. ತುತ್ತು ಕಂಡರೆ ಹೆದರುತ್ತಾರೆ. ಅಂಥವರು ಪುಸ್ತಕ ಮುಚ್ಚಿಟ್ಟು ವೈದ್ಯರ ಹತ್ತಿರ ಹೋಗಬೇಕು. ನಿಮ್ಮ ತೊಂದರೆ ಅದಲ್ಲ. ನಿಮ್ಮದು ಆ ಮೂರನೇ ಚಪಾತಿ.

1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನವಿದೆ. ಅದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ನೆನಪಿಲ್ಲ. ‘ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿನ್ನುತ್ತೇವೆ, ಆದರೂ ತೂಕ ಇಳಿಯುತ್ತಿಲ್ಲ’ ಎನ್ನುವ ಜನರನ್ನು ಅವರು ಆರಿಸಿಕೊಂಡರು. ಊಟ ಬರೆಯಲು ಹೇಳಿದರು. ಜೊತೆಗೆ ಒಂದು ವಿಶೇಷ ನೀರು ಕುಡಿಸಿದರು. ಆ ನೀರಿನ ಹೈಡ್ರೋಜನ್ನೂ ಆಮ್ಲಜನಕವೂ ಸ್ವಲ್ಪ ಭಾರದವು, ಹಾಗಾಗಿ ಅವನ್ನು ಗುರುತು ಹಿಡಿಯಬಹುದು. ಹೈಡ್ರೋಜನ್ ದೇಹದಿಂದ ನೀರಾಗಿ ಹೊರಗೆ ಹೋಗುತ್ತದೆ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಜೊತೆಗೂ ಹೋಗುತ್ತದೆ. ಎರಡರ ವ್ಯತ್ಯಾಸ ಹಿಡಿದರೆ ದೇಹ ಎಷ್ಟು ಸುಟ್ಟಿತು ಅನ್ನುವುದು ಗೊತ್ತಾಗುತ್ತದೆ. ತೂಕ ಇಳಿಯದಿದ್ದರೆ ತಿಂದದ್ದೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕದಲ್ಲಿ ಯಾರ ನೆನಪಿನ ಹಂಗೂ ಇಲ್ಲ.

ಆ ಜನ ಪುಸ್ತಕದಲ್ಲಿ ಬರೆದದ್ದು ದಿನಕ್ಕೆ ಸುಮಾರು 1000 ಕ್ಯಾಲೊರಿ. ತಿಂದದ್ದು ಸುಮಾರು 2000. ಸರಾಸರಿ ಶೇ 47ರಷ್ಟು ಊಟ ಪುಸ್ತಕಕ್ಕೆ ಬಂದೇ ಇರಲಿಲ್ಲ. ಓಡಾಟ, ವ್ಯಾಯಾಮವನ್ನು ಮಾತ್ರ ಶೇ 51ರಷ್ಟು ಜಾಸ್ತಿ ಬರೆದಿದ್ದರು. ಅವರ ದೇಹ ಎಲ್ಲರ ದೇಹದ ಹಾಗೆಯೇ ಕೆಲಸ ಮಾಡುತ್ತಿತ್ತು.

ಅವರೆಲ್ಲ ಸುಳ್ಳುಗಾರರು ಎಂದು ದಯವಿಟ್ಟು ತಿಳಿಯಬೇಡಿ. ಕೆಲವು ವರ್ಷಗಳ ನಂತರ, ಅಮೆರಿಕದಲ್ಲೇ, ಆಹಾರ ತಜ್ಞೆಯರನ್ನೂ ಇದೇ ನೀರಿನಿಂದ ಪರೀಕ್ಷೆ ಮಾಡಿದರು. ಬೇರೆಯವರ ತಟ್ಟೆ ಅಳೆಯುವುದೇ ಅವರ ಕೆಲಸ. ಅವರೂ ದಿನಕ್ಕೆ 200ಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆ ಬರೆದಿದ್ದರು. ಆ ವಿದ್ಯೆ ಇಲ್ಲದ ಮಹಿಳೆಯರ ಲೆಕ್ಕದಲ್ಲಿ ತಪ್ಪಿಹೋದದ್ದು 400ಕ್ಕೂ ಜಾಸ್ತಿ. ಓದಿದವರಿಗೂ ಕೈ ಜಾರುತ್ತದೆ. ಹಾಗಾಗಿ ನಿಮ್ಮನ್ನು ಕಟಕಟೆಗೆ ನಿಲ್ಲಿಸುವ ಉದ್ದೇಶ ನನಗಿಲ್ಲ.

ಕೈ ಜಾರುವುದು ಎಲ್ಲಿ ಅಂತ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಯಾವತ್ತು ಅರ್ಧ ಲೀಟರ್ ಜಾಸ್ತಿ, ಯಾವತ್ತು ಹಾಲು ಬರಲಿಲ್ಲ, ಎಲ್ಲ ಅಲ್ಲಿರುತ್ತಿತ್ತು. ಮೂವತ್ತು ದಿನದಲ್ಲಿ ಒಂದು ದಿನವೂ ತಪ್ಪುತ್ತಿರಲಿಲ್ಲ. ಯಾಕೆ? ಆ ಕಡೆ ಹಾಲಿನವರು ಇದ್ದರು. ಅವರ ಪುಸ್ತಕವೂ ಇತ್ತು. ಊಟದ ಲೆಕ್ಕದಲ್ಲಿ ಕೊಡುವವರೂ ನಾವೇ, ತೆಗೆದುಕೊಳ್ಳುವವರೂ ನಾವೇ. ಕೇಳುವವರು ಇಲ್ಲ.

ನನ್ನ ಸಕ್ಕರೆ ಮೊದಲ ಸಲ ಏರಿದಾಗ ನಾನೂ ಪುಸ್ತಕ ಇಟ್ಟೆ. ಒಂದು ತಿಂಗಳಾದ ಮೇಲೆ ಹಿಂದಕ್ಕೆ ತಿರುವಿದರೆ ಕೆಲವು ಪುಟ ಖಾಲಿ. ಒಂದು ಮದುವೆಯ ದಿನ, ಒಂದು ಹಬ್ಬದ ದಿನ, ತಂಗಿಯ ಮನೆಗೆ ಹೋಗಿದ್ದ ಎರಡು ದಿನ. ಜಾಸ್ತಿ ತಿಂದ ದಿನಗಳೇ ಇರಲಿಲ್ಲ! ಬರೆದ ಪುಟದಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೂ ಪುಸ್ತಕ ಸುಳ್ಳಾಗಿತ್ತು. ಅವತ್ತು ನನಗೆ ನಿಜವಾಗಿಯೂ ಬೇಜಾರಾಯಿತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಏನೇ ತಿಂದರೂ ಕೈ ತೊಳೆದ ಕೂಡಲೇ ಬರೆಯುವುದು, ರಾತ್ರಿಗೆ ಉಳಿಸಿಕೊಳ್ಳುವುದಿಲ್ಲ.

ಇನ್ನೊಂದು ಸಾಕ್ಷಿ ಅಡುಗೆಮನೆಯಲ್ಲಿತ್ತು. ‘ನಮ್ಮನೇಲಿ ಎಣ್ಣೆ ಕಡಿಮೆ’ ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. ದಿನಸಿ ಚೀಟಿ ನೋಡಿದರೆ ಮೂರು ಜನಕ್ಕೆ ತಿಂಗಳಿಗೆ 4 ಲೀಟರ್. ಭಾಗಿಸಿ ನೋಡಿ. ಒಬ್ಬರಿಗೆ ದಿನಕ್ಕೆ 44 ಮಿಲಿ ಲೀಟರ್. ಅಷ್ಟರಲ್ಲೇ 350ಕ್ಕೂ ಜಾಸ್ತಿ ಕ್ಯಾಲೊರಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ನಾವು ಎರಡೂವರೆ ಪಟ್ಟು ಮೀರಿದ್ದೆವು. ಒಗ್ಗರಣೆಯನ್ನು ಯಾರೂ ತಟ್ಟೆಗೆ ಬಡಿಸುವುದಿಲ್ಲ ನೋಡಿ, ಅದಕ್ಕೆ ಪುಸ್ತಕದಲ್ಲಿ ಜಾಗ ಸಿಗುವುದಿಲ್ಲ. ಬೈಟು ಕಾಫಿಯದೂ ಇದೇ ಕಥೆ. ಅರ್ಧ ಲೋಟ ತಾನೆ ಅಂತ ದಿನಕ್ಕೆ ನಾಲ್ಕು ಸಲ ಕುಡಿದರೆ ಎರಡು ಲೋಟ ಆಯಿತು. ಮಾತಾಡುತ್ತಾ ಬಾಯಿಗೆ ಹಾಕಿಕೊಂಡ ಒಂದು ಹಿಡಿ ಕಾಂಗ್ರೆಸ್ ಕಡಲೆಬೀಜಕ್ಕೆ ಸುಮಾರು 170 ಕ್ಯಾಲೊರಿ. ಚಿಕ್ಕಪುಟ್ಟದ್ದು ಅಂತ ನೀವು ಫೇರ್ ಕಾಪಿಯಿಂದ ತೆಗೆಯಲು ಹೊರಟಿರುವುದು ಇವನ್ನೇ, ಅಲ್ವಾ?

ಹಿರಿಯರು ಎಣಿಸಲಿಲ್ಲ ಅನ್ನುವ ಮಾತನ್ನು ನಾನು ಒಪ್ಪಲಾರೆ. ನಿಮ್ಮ ಅಜ್ಜಿಯ ಮನೆಯ ಉಗ್ರಾಣ ನೆನಪು ಮಾಡಿಕೊಳ್ಳಿ. ಸೇರು, ಅಚ್ಚೇರು, ಪಾವು, ಚಟಾಕು ಸಾಲಾಗಿ ಇರುತ್ತಿರಲಿಲ್ಲವೇ? ಇಷ್ಟು ಜನಕ್ಕೆ ಇಷ್ಟು ಪಾವು ಅಂತ ಅಳೆದು ಅಕ್ಕಿ ತೆಗೆಯುತ್ತಿದ್ದರು. ಎಣ್ಣೆಗೂ ಬೆಲ್ಲಕ್ಕೂ ಅಳತೆ ಇತ್ತು. ಉಣ್ಣುವವರು ಎಣಿಸಲಿಲ್ಲ ನಿಜ, ಅವರ ಪರವಾಗಿ ಅಜ್ಜಿ ಎಣಿಸಿದ್ದರು. ಮೇಲಾಗಿ ಉಂಡವರು ಗದ್ದೆಗೆ ಹೋಗುತ್ತಿದ್ದರು. ನಾವು ಸೋಫಾಗೆ ಹೋಗುತ್ತೇವೆ.

ಇದು ಹೊರಗಿನಿಂದ ಬಂದ ಚಟವೂ ಅಲ್ಲ. ಗಾಂಧೀಜಿ 1915ರಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋಗಿದ್ದಾಗ, ಭಾರತದಲ್ಲಿರುವಷ್ಟು ದಿನ 24 ಗಂಟೆಯಲ್ಲಿ ಐದು ಪದಾರ್ಥಕ್ಕಿಂತ ಹೆಚ್ಚು ತಿನ್ನುವುದಿಲ್ಲ ಎಂದು ವ್ರತ ತೊಟ್ಟರು. ಕಾಯಿಲೆ ಬಂದರೆ ಔಷಧಿಯನ್ನೂ ಆ ಐದರಲ್ಲೇ ಸೇರಿಸಬೇಕೆ ಎಂದು ಯೋಚಿಸಿ, ಯಾವುದಕ್ಕೂ ವಿನಾಯಿತಿ ಬೇಡ ಎಂದು ತೀರ್ಮಾನಿಸಿದರು. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು ಪ್ರಸಂಗ. ಅವರು ಹಾಲು ಕುಡಿಯುವುದಿಲ್ಲ ಎಂದು ವ್ರತ ಮಾಡಿದ್ದರು. 1918ರಲ್ಲಿ ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋದರು. ವ್ರತ ತೊಟ್ಟಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು ತಾನೆ, ಮೇಕೆ ಹಾಲು ಕುಡಿಯಬಹುದಲ್ಲ ಎಂದರು ಕಸ್ತೂರಬಾ. ಗಾಂಧೀಜಿ ಕುಡಿದರು, ಬದುಕಿದರು. ಆದರೆ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡಲಿಲ್ಲ. ಪ್ರತಿಜ್ಞೆಯ ಅಕ್ಷರ ಉಳಿಸಿಕೊಂಡೆ, ಅದರ ಜೀವ ಬಿಟ್ಟುಕೊಟ್ಟೆ ಎಂಬ ಅರ್ಥದಲ್ಲಿ ಬರೆದುಕೊಂಡರು. ಅವರು ಹಾಲು ಕುಡಿದದ್ದನ್ನು ನಾನು ತಪ್ಪೆನ್ನುವುದಿಲ್ಲ. ಕುಡಿದೆ ಎಂದು ಬರೆದರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ.

ಇನ್ನು ನಿಮ್ಮ ಡಾಕ್ಟರ ಮಾತು. ಅವರ ಮುಂದೆ ಎರಡು ಕಾಗದ ಇರುತ್ತವೆ. ಒಂದು ನಿಮ್ಮ ಫೇರ್ ಕಾಪಿ. ಇನ್ನೊಂದು 8.4 ಎನ್ನುವ ಲ್ಯಾಬ್ ರಿಪೋರ್ಟ್. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಆ ದಿನಗಳಲ್ಲಿ ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತೋ ಅಷ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ತಿದ್ದಲು ಆಗುವುದಿಲ್ಲ. ಎರಡೇ ಚಪಾತಿ ತಿಂದೂ ಇಷ್ಟು ಇದೆ ಅಂದರೆ ಡಾಕ್ಟರು ಏನು ತಿಳಿಯಬೇಕು? ಮಾತ್ರೆ ಸಾಲದು ಎಂದುಕೊಂಡು ಜಾಸ್ತಿ ಮಾಡುತ್ತಾರೆ, ಇಲ್ಲವೇ ಇನ್ಸುಲಿನ್ ಶುರು ಮಾಡುತ್ತಾರೆ. ಆಮೇಲೆ ಒಂದು ರಾತ್ರಿ ನೀವು ನಿಜವಾಗಿಯೂ ಎರಡೇ ತಿಂದು ಮಲಗುತ್ತೀರಿ. ನಡುರಾತ್ರಿ ಸಕ್ಕರೆ ಕುಸಿದು ಬೆವರು, ನಡುಕ ಶುರುವಾಗಬಹುದು. ನೀವು ಪುಸ್ತಕದಲ್ಲಿ ಬಿಟ್ಟ ಒಂದು ಚಪಾತಿ ಹೀಗೆ ಔಷಧಿ ಚೀಟಿಗೆ ಬಂದು ಸೇರುತ್ತದೆ. ನನಗೆ ಭಯ ಇರುವುದು ಇದರ ಬಗ್ಗೆ.

ಪ್ರಾಮಾಣಿಕವಾಗಿ ಬರೆಯಲು ಹೊರಟವರಿಗೂ ಈ ನಾಡಿನಲ್ಲಿ ಎಷ್ಟು ಅಡ್ಡಿ ನೋಡಿ. ಬಿಸ್ಕತ್ತಿನ ಪೊಟ್ಟಣ ಕೈಗೆತ್ತಿಕೊಳ್ಳಿ. ಒಳಗೆ ಏನಿದೆ ಅನ್ನುವುದು ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷ್‌ನಲ್ಲಿ ಇರುತ್ತದೆ. ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಕೇಂದ್ರದ ಆಹಾರ ಲೇಬಲ್ ನಿಯಮಕ್ಕೆ ಸಾಕು. ಕನ್ನಡ ಹಾಕಬಹುದು, ಹಾಕಲೇಬೇಕು ಅಂತ ಆ ನಿಯಮದಲ್ಲಿಲ್ಲ. ಕನ್ನಡವಷ್ಟೇ ಬಲ್ಲ ತಾಯಿ ಮಗುವಿಗೆ ಏನು ತಿನ್ನಿಸುತ್ತಿದ್ದೇನೆ ಅಂತ ಹೇಗೆ ತಿಳಿಯಬೇಕು? ಎಷ್ಟೋ ಪೊಟ್ಟಣದಲ್ಲಿ ‘ಒಂದು ಸರ್ವಿಂಗ್‌ಗೆ’ ಎಂದು ಚಿಕ್ಕ ಅಂಕಿ ಹಾಕಿರುತ್ತಾರೆ, ಇಡೀ ಪೊಟ್ಟಣ ಒಂದೇ ಸಲಕ್ಕೆ ಮುಗಿಯುತ್ತದೆ ಅಂತ ಗೊತ್ತಿದ್ದೂ! ನಾವು ಮನೆಯಲ್ಲಿ ಮಾಡುವ ಫೇರ್ ಕಾಪಿಯನ್ನೇ ಅವರು ಕಾರ್ಖಾನೆಯಲ್ಲಿ ಅಚ್ಚು ಹಾಕುತ್ತಾರೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಇಡೀ ಪೊಟ್ಟಣದ ಲೆಕ್ಕ ಬರಬೇಕು. ಈ ಪತ್ರಿಕೆ ಅದನ್ನು ಕೇಳುತ್ತಲೇ ಇರುತ್ತದೆ.

ಈಗ ನಿಮ್ಮ ಪತ್ರದ ಕೊನೆಯ ಮಾತು. ಮನೆಯವರ ಹಿಮೋಗ್ಲೋಬಿನ್ 9 ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹೆಂಗಸರಿಗೆ 12 ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ನಿಮ್ಮ ಮನೆಯವರು ಆ ವಯಸ್ಸು ದಾಟಿರಬಹುದು, ಆದರೆ ಅಭ್ಯಾಸ ಆ ವಯಸ್ಸಿನದೇ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾರೆ. ಪಲ್ಯ ಮುಗಿದಿರುತ್ತದೆ, ಸಾರಿನ ತಳದಲ್ಲಿ ಬೇಳೆ ಇರುವುದಿಲ್ಲ. ‘ನಂದಾಯ್ತು, ನೀವು ಊಟ ಮಾಡಿ’ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಎರಡು ಲೆಕ್ಕ ತಪ್ಪಿದೆ. ನೀವು ತಿಂದದ್ದನ್ನು ತಿಂದಿಲ್ಲ ಎನ್ನುತ್ತೀರಿ, ಅವರು ತಿನ್ನದ್ದನ್ನು ತಿಂದೆ ಎನ್ನುತ್ತಾರೆ. ನಿಮ್ಮ ತಟ್ಟೆಯ ಚಪಾತಿಯನ್ನು ಅಷ್ಟು ಸರಿಯಾಗಿ ಎಣಿಸಿದ ಅವರ ತಟ್ಟೆಯನ್ನು ನೀವು ಯಾವತ್ತಾದರೂ ಎಣಿಸಿದ್ದೀರಾ?

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಹಳ್ಳಿಗಳಲ್ಲಿ ಊಟದ ಸಮೀಕ್ಷೆ ಮಾಡುವಾಗ ಅಳತೆಯ ಬಟ್ಟಲುಗಳನ್ನು ಜೊತೆಗೆ ಒಯ್ಯುತ್ತಾರೆ. ನಿನ್ನೆ ಏನು ಬೇಯಿಸಿದಿರಿ, ಯಾರಿಗೆ ಎಷ್ಟು ಬಟ್ಟಲು ಬಂತು ಎಂದು ಮನೆಯ ಒಬ್ಬೊಬ್ಬರ ಲೆಕ್ಕ ಬೇರೆಬೇರೆಯಾಗಿ ಕೇಳುತ್ತಾರೆ. ಒಟ್ಟು ಪಾತ್ರೆ ನೋಡಿದರೆ ಎಲ್ಲರೂ ಉಂಡ ಹಾಗೆ ಕಾಣುತ್ತದೆ. ಬಟ್ಟಲು ಹಿಡಿದು ಕೇಳಿದಾಗಲೇ ಯಾರಿಗೆ ಎಷ್ಟು ಬಂತು ಅನ್ನುವುದು ಗೊತ್ತಾಗುವುದು. ನಿಮ್ಮ ಅಡುಗೆಮನೆಯಲ್ಲೂ ಒಂದು ಬಟ್ಟಲು, ಒಂದು ಸೌಟು ಗೊತ್ತು ಮಾಡಿಕೊಳ್ಳಿ. ಅನ್ನ ಆ ಬಟ್ಟಲಲ್ಲೇ, ಸಾರು ಆ ಸೌಟಲ್ಲೇ. ಗ್ರಾಂ ಲೆಕ್ಕ ಬೇಡವೇ ಬೇಡ.

ನಾಳೆ ಅಂಗಡಿಗೆ ಹೋದಾಗ ಇನ್ನೊಂದು ನೋಟ್‌ಬುಕ್ ತನ್ನಿ. ಮನೆಯವರ ಊಟವನ್ನು ನೀವು ಬರೆಯಿರಿ, ನಿಮ್ಮದನ್ನು ಅವರು ಬರೆಯಲಿ. ಬರೆಯಬೇಕಾದರೆ ಜೊತೆಗೆ ಕೂತು ಊಟ ಮಾಡಬೇಕಾಗುತ್ತದೆ, ಒಳ್ಳೆಯದೇ ಆಯಿತು. ಡಾಕ್ಟರ ಹತ್ತಿರ ಹೋಗುವ ದಿನ ಇಬ್ಬರೂ ಹೋಗಿ. ಸಾರಿನ ಕಲೆ, ಗೆರೆ ಎಳೆದು ತಿದ್ದಿದ್ದು, ಪಕ್ಕದಲ್ಲಿ ಹಾಕಿದ ಚಿಕ್ಕ ಸಹಿ, ಎಲ್ಲ ಇರುವ ಆ ಎರಡು ಪುಸ್ತಕಗಳನ್ನೇ ಮೇಜಿನ ಮೇಲಿಡಿ. ಅವರ 9ರ ರಿಪೋರ್ಟನ್ನು ಮರೆಯಬೇಡಿ, ಅದನ್ನು ಮೊದಲು ತೋರಿಸಿ.