ಗಾಳದ ಅಂಕಣ: ಬಸಿನೀರಿನ ಹಳ್ಳಕ್ಕೂ ಫ್ಲೈ ರಾಡ್

ಕಳೆದ ಸಂಚಿಕೆಯ ಕೊನೆಗೆ ಫ್ಲೈ ಫಿಶಿಂಗ್, ಅಂದರೆ ಗರಿ-ನೂಲಿನಿಂದ ಕಟ್ಟಿದ ಹುಸಿ ಹುಳದಿಂದ ಮೀನು ಹಿಡಿಯುವುದು, ಅಂತ ಒಂದು ಮಾತು ಎತ್ತಿದ್ದೇ ತಡ, ಈ ಸಲ ಬಂದ ಪತ್ರಗಳೆಲ್ಲ ಅದರ ಮೇಲೆಯೇ. ಎರೆಹುಳ, ಹಿಟ್ಟಿನುಂಡೆಯವರು ಮುನಿಸಿಕೊಳ್ಳಬಾರದು, ನಿಮ್ಮ ಸರದಿ ಮುಂದಿನ ಸಲ.

ವಿಡಿಯೋದಲ್ಲಿ ಫ್ಲೈ ಫಿಶಿಂಗ್ ನೋಡಿ ಹುಚ್ಚು ಹಿಡಿದಿದೆ. ಆದರೆ ಅಲ್ಲೆಲ್ಲ ಹಿಮದ ಗುಡ್ಡ, ಟ್ರೌಟ್ ಮೀನು. ನಮ್ಮೂರ ಪಕ್ಕ ಇರುವುದು ಗದ್ದೆ ನೀರು ಬಸಿದು ಹರಿಯುವ ಒಂದು ಹಳ್ಳ ಅಷ್ಟೆ. ಅಲ್ಲಿ ಇದು ನಡೆಯುತ್ತದೆಯೇ? ಯಾವ ರಾಡ್ ಕೊಳ್ಳಲಿ?
– ಓದುಗರು, ಕಾರಟಗಿ

ಧಾರಾಳವಾಗಿ ನಡೆಯುತ್ತದೆ. ಟ್ರೌಟ್ ಆಸೆಯೊಂದನ್ನು ಬಿಟ್ಟುಬಿಡಿ. ಅದು ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟುತ್ತಾ ಹೋದಂತೆ ಅದಕ್ಕೆ ಸಂಕಟ. ಬ್ರಿಟಿಷರು ತಂದು ಬಿಟ್ಟ ಟ್ರೌಟ್ ಸಂತಾನ ಕಾಶ್ಮೀರ, ಕುಲು, ನೀಲಗಿರಿಯಂಥ ಕಡೆ ಉಳಿಯಿತು. ಏಪ್ರಿಲ್ ಬಂದರೆ ನೆರಳಲ್ಲೇ 40 ಡಿಗ್ರಿ ಕಾಣುವ ನಮ್ಮ ಸೀಮೆಯಲ್ಲಿ ಅದರ ಮಾತೇ ಬೇಡ. ಆದರೆ ಹುಳ ತಿನ್ನುವ ಮೀನು ಯಾವುದಿದ್ದರೂ ಫ್ಲೈಗೆ ಬಾಯಿ ಹಾಕುತ್ತದೆ. ಅಂಥವು ನಿಮ್ಮ ಹಳ್ಳದಲ್ಲಿ ಬೇಕಾದಷ್ಟಿವೆ.

ನಿಮ್ಮ ಹಳ್ಳವನ್ನು ನೀವೇ ಕಡೆಗಣಿಸುತ್ತಿದ್ದೀರಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬರುವ ಮೊದಲು ಆ ಕಡೆಯ ಹಳ್ಳಗಳು ಮಳೆ ಮುಗಿದರೆ ಬತ್ತುತ್ತಿದ್ದವು ಅಂತ ಹಿರಿಯರು ಹೇಳುತ್ತಿದ್ದರು. ಈಗ ಕಾಲುವೆ ನೀರು ಭತ್ತದ ಗದ್ದೆಯಲ್ಲಿ ನಿಂತು, ಬಸಿದು, ಹಳ್ಳ ಸೇರುತ್ತದೆ. ಕಾಲುವೆ ಹರಿಯುವಷ್ಟು ದಿನ ಹಳ್ಳವೂ ಹರಿಯುತ್ತದೆ. ಬಂದ್ ಆದ ಮೇಲೆ ಮಡುಗಳಲ್ಲಿ ನಿಲ್ಲುತ್ತದೆ. ನೀರಿನ ಮಟ್ಟದ ಗೇಜ್ ಓದುವ ನೌಕರಿಯಲ್ಲಿ ಕಾಲುವೆ ದಂಡೆ ತುಳಿದೇ ನನ್ನ ಅರ್ಧ ಆಯುಷ್ಯ ಕಳೆದಿದೆ, ಬಸಿನೀರಿನ ಬುದ್ಧಿ ನನಗೆ ಸ್ವಲ್ಪ ಗೊತ್ತು. ನಾಟಿಗೆ ಗದ್ದೆ ಹದ ಮಾಡುವ ದಿನಗಳಲ್ಲಿ ಅದು ಬರೀ ರಾಡಿ. ಪೈರು ಬೇರು ಹಿಡಿದ ಮೇಲೆ ತಿಳಿಯಾಗುತ್ತದೆ. ಗದ್ದೆಗೆ ಕೀಟನಾಶಕ ಹೊಡೆದ ಮರುದಿನ ಹಳ್ಳಕ್ಕೆ ಹೋಗಲೇಬೇಡಿ. ಮೀನು ಕಚ್ಚುವುದಿಲ್ಲ, ಕಚ್ಚಿದರೂ ಅದು ತಿನ್ನುವ ಮೀನಲ್ಲ.

ಈಗ ರಾಡ್ ವಿಷಯ. ಮಾಮೂಲಿ ಗಾಳದಲ್ಲಿ ತೂಕ ಇರುವುದು ಸೀಸದ ಗುಂಡಿನಲ್ಲಿ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಇಲ್ಲಿ ಫ್ಲೈ ಅಂದರೆ ಗಾಳದ ಮುಳ್ಳಿಗೆ ಸುತ್ತಿದ ಒಂದು ಎಳೆ ಗರಿ, ಎರಡೆಳೆ ನೂಲು. ಊದಿದರೆ ಹಾರಿಹೋಗುತ್ತದೆ. ಅದನ್ನು ಎಸೆಯುವುದು ಹೇಗೆ? ಅದಕ್ಕೇ ತೂಕವನ್ನು ಲೈನಿನಲ್ಲೇ ಇಟ್ಟಿದ್ದಾರೆ. ದಪ್ಪ ಲೈನನ್ನು ನೀವು ಬೀಸುತ್ತೀರಿ, ಫ್ಲೈ ಸುಮ್ಮನೆ ಅದರ ತುದಿಗೆ ಸವಾರಿ ಹೋಗುತ್ತದೆ. ಆದ್ದರಿಂದಲೇ ರಾಡಿನ ಮೇಲೆ ಮೂರು, ಐದು, ಎಂಟು ಅಂತ ನಂಬರ್ ಇರುತ್ತದೆ. ಅದು ಯಾವ ತೂಕದ ಲೈನಿಗೆ ಆ ರಾಡ್ ಹೊಂದುತ್ತದೆ ಎಂಬ ಲೆಕ್ಕ. ಅಂಗಡಿಯವರು ಐದನೇ ನಂಬರಿನ ರಾಡಿಗೆ ಎಂಟನೇ ನಂಬರಿನ ಲೈನ್ ಕಟ್ಟಿಕೊಟ್ಟದ್ದನ್ನು ನೋಡಿದ್ದೇನೆ. ಎರಡೂ ಒಂದೇ ನಂಬರ್ ಇವೆಯೇ ಅಂತ ನೀವೇ ನೋಡಿ ತೆಗೆದುಕೊಳ್ಳಿ. 9 ಅಡಿಯ ಐದನೇ ನಂಬರ್ ರಾಡ್, ತೇಲುವ ಲೈನ್, ಅದರ ಮುಂದೆ 9 ಅಡಿಯ ಲೀಡರ್, ಅಂದರೆ ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುವ ನೈಲಾನ್. ಇಷ್ಟಿದ್ದರೆ ಎಲ್ಲ ಕಲಿಯಬಹುದು. ರೀಲಿಗೆ ದುಡ್ಡು ಸುರಿಯಬೇಡಿ. ನಿಮ್ಮ ಹಳ್ಳದ ಮೀನಿಗೆ ಅದು ಲೈನ್ ಸುತ್ತಿಡುವ ಡಬ್ಬಿ ಮಾತ್ರ.

ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಅದನ್ನೂ ಕೊಳ್ಳುತ್ತಿರಲಿಲ್ಲ. ಜಪಾನಿನಲ್ಲಿ ತೆಂಕಾರ ಅಂತ ಒಂದು ಪದ್ಧತಿ ಇದೆ. ರೀಲೇ ಇಲ್ಲ. 12 ಅಡಿಯ ಮಡಚುವ ಕೋಲು, ಅದರ ತುದಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದದ ಲೈನ್, ಮುಂದೆ ಎರಡು ಮೊಳ ಸಣ್ಣ ದಾರ, ಫ್ಲೈ. ಗುಡ್ಡಗಾಡಿನ ಇಕ್ಕಟ್ಟು ತೊರೆಗೆ ಹುಟ್ಟಿದ್ದು ಅದು. ನಾಲ್ಕೈದು ಮಾರು ಅಗಲದ ನಿಮ್ಮ ಹಳ್ಳಕ್ಕೆ ಹೇಳಿ ಮಾಡಿಸಿದಂತಿದೆ. ದೂರ ಎಸೆಯುವ ಚಿಂತೆ ಇಲ್ಲದ್ದರಿಂದ ಕಣ್ಣೆಲ್ಲ ನೀರಿನ ಮೇಲಿರುತ್ತದೆ.

ಮತ್ತೆ ಮೊದಲ ದಿನವೇ ಕೊರಮೀನು ಹಿಡಿಯಲು ಹೊರಡಬೇಡಿ. ಚೆಕ್ ಡ್ಯಾಂ ಕೆಳಗೆ ನೀರು ಬಿದ್ದು ನೊರೆಯಾಗಿ, ಮುಂದೆ ಮಂದವಾಗುವ ಜಾಗ ಇರುತ್ತದಲ್ಲ, ಅಲ್ಲಿ ಹುಡುಗರು ಅನ್ನದ ಅಗುಳು ಸಿಕ್ಕಿಸಿ ಹಿಡಿಯುವ ಬೆರಳುದ್ದದ ಬೆಳ್ಳಿ ಮೀನುಗಳಿರುತ್ತವೆ. 16ನೇ ನಂಬರಿನ ಮುಳ್ಳಿಗೆ ಕಪ್ಪು ನೂಲು ಸುತ್ತಿದ ಸಣ್ಣ ಫ್ಲೈ ಬಿಡಿ. ಮುಳ್ಳಿಗೆ ನಂಬರ್ ಹೆಚ್ಚಾದಷ್ಟೂ ಗಾತ್ರ ಸಣ್ಣದು, ನೆನಪಿರಲಿ. ನೊರೆಯ ಅಂಚಿನಲ್ಲಿ ಬಿಟ್ಟು, ನೀರು ಒಯ್ದ ಹಾಗೆ ಹೋಗಲು ಬಿಡಿ. ಎಳೆಯಬೇಡಿ. ನೀರಿಗಿಂತ ಫ್ಲೈ ಚೂರು ಬೇಗ ಓಡಿದರೂ ಆ ಪುಟಾಣಿಗಳು ಮೂತಿವರೆಗೆ ಬಂದು ವಾಪಸ್ ತಿರುಗುತ್ತವೆ. ತಿಳಿನೀರಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಅವು ಫ್ಲೈಯನ್ನು ಬಾಯಿಗೆ ಹಾಕಿ ಉಗುಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಷ್ಟರೊಳಗೆ ಮಣಿಕಟ್ಟು ಎತ್ತಲು ಕಲಿತವನಿಗೆ ದೊಡ್ಡ ಮೀನು ಕಷ್ಟವಲ್ಲ. ದೊಡ್ಡದರ ಬೆನ್ನು ಹತ್ತಿ ಶುರು ಮಾಡಿದವರು ಬೇಸಿಗೆ ಹೊತ್ತಿಗೆ ರಾಡನ್ನು ಅಟ್ಟಕ್ಕೆ ಹಾಕಿರುತ್ತಾರೆ.

ಇನ್ನೊಂದು. ನಮ್ಮಲ್ಲಿ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೂ ಟೆಂಡರ್‌ದಾರರಿಗೂ ಗುತ್ತಿಗೆ ಕೊಟ್ಟಿರುತ್ತಾರೆ. 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಗುತ್ತಿಗೆದಾರರು ಇದ್ದರೆ ಅವರನ್ನೂ ಮಾತಾಡಿಸಿ. ಬಲೆ ಇಲ್ಲ, ಗರಿ ಕಟ್ಟಿದ ಮುಳ್ಳು ಅಂತ ತೋರಿಸಿದರೆ ಹೆಚ್ಚಿನವರು ನಕ್ಕು, ಹಾಕ್ಕೋ ಹೋಗಪ್ಪಾ ಅಂತಾರೆ.

ರಾಡ್ ತಂದೆ. ಲೈನ್ ಎಸೆದರೆ ಮುಂದೆ ಹೋಗದೆ ಕಾಲ ಬುಡದಲ್ಲೇ ಗುಪ್ಪೆಯಾಗಿ ಬೀಳುತ್ತದೆ. ಹಿಂದಕ್ಕೆ ಬೀಸಿದರೆ ಜಾಲಿಗೆ ಸಿಕ್ಕಿಕೊಳ್ಳುತ್ತದೆ. ನಾನು ಹೋಗುವುದು ಹಿರೇಹಳ್ಳಕ್ಕೆ.
– ಓದುಗರು, ಕೊಪ್ಪಳ

ನಿಮ್ಮದು ಎರಡು ರೋಗ, ಮದ್ದು ಬೇರೆ ಬೇರೆ.

ಗುಪ್ಪೆ ಬೀಳುವುದಕ್ಕೆ ಕಾರಣ ಅವಸರ. ಲೈನ್ ಹಿಂದಕ್ಕೆ ಹೋಗಿ ಪೂರ್ತಿ ನೆಟ್ಟಗಾಗುವ ಮೊದಲೇ ನೀವು ಮುಂದಕ್ಕೆ ಬೀಸುತ್ತಿದ್ದೀರಿ. ಲೈನ್ ನೆಟ್ಟಗಾದಾಗಷ್ಟೇ ಅದರ ಭಾರ ರಾಡನ್ನು ಹಿಂದಕ್ಕೆ ಬಗ್ಗಿಸುತ್ತದೆ, ಆ ಬಗ್ಗಿದ ರಾಡ್ ಬಿಚ್ಚಿಕೊಳ್ಳುವಾಗ ಲೈನ್ ಮುಂದೆ ಹಾರುತ್ತದೆ. ಬಾರುಕೋಲು ಬೀಸಿದಂತೆ ಹಿಂದೆ ಚಟ್ ಅಂತ ಶಬ್ದ ಬಂತೋ, ಬೇಗ ಬೀಸಿದಿರಿ ಅಂತ ಅರ್ಥ. ಆಗ ತುದಿ ನೋಡಿಕೊಳ್ಳಿ, ಎಷ್ಟೋ ಸಲ ಫ್ಲೈ ಕಿತ್ತು ಹೋಗಿರುತ್ತದೆ. ಗಡಿಯಾರದ ಲೆಕ್ಕದಲ್ಲಿ ರಾಡ್ ಮುಂದೆ ಹತ್ತರಲ್ಲಿ ನಿಲ್ಲಬೇಕು, ಹಿಂದೆ ಎರಡರಲ್ಲಿ. ನಿಲ್ಲಬೇಕು ಅಂದರೆ ಗಕ್ಕನೆ ನಿಲ್ಲಬೇಕು. ಹೊಸಬರ ಕೈ ಹಿಂದೆ ನಾಲ್ಕರವರೆಗೆ ಇಳಿದು, ಲೈನ್ ನೆಲಕ್ಕೆ ಬಡಿಯುತ್ತದೆ. ಸಂಜೆ ಹೊತ್ತು ಶಾಲೆ ಮೈದಾನದಲ್ಲಿ, ಮುಳ್ಳಿನ ಬದಲು ಕೆಂಪು ಉಣ್ಣೆಯ ತುಂಡು ಕಟ್ಟಿ, ಕುತ್ತಿಗೆ ತಿರುಗಿಸಿ ಹಿಂದಿನ ಲೈನನ್ನು ಕಣ್ಣಾರೆ ನೋಡುತ್ತಾ ಬೀಸಿ. ಮುನಿರಾಬಾದಿನಲ್ಲಿ ನನಗೆ ಹಳೇ ರಾಡೊಂದನ್ನು ಕೊಟ್ಟು ವರ್ಗವಾಗಿ ಹೋದ ಎಂಜಿನಿಯರ್ ಸಾಹೇಬರು, ಬೀಸುವ ಮುಂಚೆ ಬಾಯಿಬಿಟ್ಟು 'ತಡಿ' ಅನ್ನು ಅನ್ನುತ್ತಿದ್ದರು. ಲೈನ್ ಉದ್ದ ಬಿಟ್ಟಷ್ಟೂ 'ತಡಿ' ಉದ್ದವಾಗಬೇಕು.

ಜಾಲಿಗೆ ಮದ್ದು ರೋಲ್ ಕಾಸ್ಟ್. ಹಿರೇಹಳ್ಳದಲ್ಲಿ 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಸೇರಿ ಹೂಳು, ಗಿಡಗಂಟಿ ತೆಗೆದರು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಬಳ್ಳಾರಿ ಜಾಲಿ ಒಮ್ಮೆ ಕಡಿದರೆ ಸುಮ್ಮನಿರುವ ಜಾತಿಯೇ? ಹಿಂದೆ ಜಾಗ ಇಲ್ಲದ ಕಡೆ ಲೈನನ್ನು ಹಿಂದಕ್ಕೆ ಎಸೆಯಲೇಬೇಡಿ. ಮೂರ್ನಾಲ್ಕು ಮಾರು ಲೈನ್ ಮುಂದೆ ನೀರಿನ ಮೇಲೆ ಬಿದ್ದಿರಲಿ. ರಾಡನ್ನು ನಿಧಾನವಾಗಿ, ಲೈನ್ ನೀರಿನ ಮೇಲೆ ಜಾರುವಂತೆ, ಕಿವಿಯ ತನಕ ಎತ್ತಿ. ರಾಡಿನ ತುದಿಯಿಂದ ಲೈನ್ ನಿಮ್ಮ ಭುಜದ ಹಿಂದೆ ಹೊಟ್ಟೆ ಬಿಟ್ಟು ಜೋತುಬೀಳುತ್ತದೆ. ಅಲ್ಲಿ ಒಂದು ಕ್ಷಣ ನಿಂತು, ಆಮೇಲೆ ಮುಂದಕ್ಕೆ ಚುರುಕಾಗಿ ಬೀಸಿ ಮೇಲೇ ನಿಲ್ಲಿಸಿ. ಲೈನ್ ಉರುಳುತ್ತಾ ಹೋಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ಮೈದಾನದಲ್ಲಿ ಕಲಿಯಲು ಹೋಗಬೇಡಿ, ಲೈನನ್ನು ಹಿಡಿದುಕೊಳ್ಳಲು ನೀರೇ ಬೇಕು.

ಫ್ಲೈ ಮನೆಯಲ್ಲೇ ಕಟ್ಟಬಹುದೇ? ಕಾಡುಕೋಳಿ ಗರಿ ಬಹಳ ಒಳ್ಳೆಯದಂತೆ, ಸಂಡೂರು ಕಡೆಯಿಂದ ತರಿಸಬಹುದೇ?
– ಓದುಗರು, ಸಿಂಧನೂರು

ತರಿಸಬೇಡಿ. ಬೂದು ಕಾಡುಕೋಳಿಯ ಕತ್ತಿನ ಗರಿಗೆ ವಿಲಾಯತಿ ಸಾಲ್ಮನ್ ಫ್ಲೈ ಕಟ್ಟುವವರು ಒಂದು ಕಾಲದಲ್ಲಿ ಪ್ರಾಣ ಬಿಡುತ್ತಿದ್ದರು, ಹಕ್ಕಿಯ ಪ್ರಾಣವೂ ಹೋಗುತ್ತಿತ್ತು. ಈಗ ಅದು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಹಕ್ಕಿ. ನಿಮ್ಮ ಹಳ್ಳದ ಜಿಲೇಬಿ ಮೀನು ಕಾಡುಕೋಳಿ ಗರಿಗೂ ಊರುಕೋಳಿ ಗರಿಗೂ ಭೇದ ಎಣಿಸುವುದಿಲ್ಲ. ನಾಟಿ ಹುಂಜದ ಕತ್ತಿನ ಗರಿ ಸಾಕು.

ನವಿಲುಗರಿ ಮಾತ್ರ ಚಿನ್ನ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ತಾನಾಗಿ ಉದುರಿಸಿದ ಗರಿಯನ್ನು ಹೊಲದ ಬದುವಿನಿಂದ ಆರಿಸಿಕೊಳ್ಳಿ. ಕಣ್ಣಿನ ಕೆಳಗಿನ ಉದ್ದನೆಯ ಎಳೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ದಂಟಿನ ಸುತ್ತ ಗಿಡ್ಡ ರೋಮ, ತಿರುಗಿಸಿದಂತೆ ಹಸಿರು ಹೋಗಿ ತಾಮ್ರ, ತಾಮ್ರ ಹೋಗಿ ಹಸಿರು. ಮುಳ್ಳಿನ ಕಾಲಿಗೆ ಮೊದಲು ದಾರದ ಹಾಸು ಹಾಕಿ, ಇಂಥ ಮೂರು ಎಳೆಗಳನ್ನು ದಾರದೊಂದಿಗೆ ಹೊಸೆದು ಸುತ್ತಿ. ಹೊಸೆಯದೆ ಸುತ್ತಿದರೆ ಎರಡನೇ ಮೀನಿನ ಹಲ್ಲಿಗೇ ಎಳೆ ಕಿತ್ತು ಬರುತ್ತದೆ. ಮುಂದೆ ಹುಂಜದ ಗರಿ ಎರಡು ಸುತ್ತು, ಗಂಟು, ಮೇಲೆ ಒಂದು ಹನಿ ಉಗುರುಬಣ್ಣ. ಹೆಂಡತಿಯ ಉಗುರುಬಣ್ಣ ಕೇಳಿ ತೆಗೆದುಕೊಳ್ಳುವುದು ಕ್ಷೇಮ. 12ನೇ ನಂಬರಿನ ಮುಳ್ಳಿಗೆ ಕಟ್ಟಿದ ಈ ಫ್ಲೈ ಒದ್ದೆಯಾದರೆ ನೀರಹುಳವೇ. ವರ್ಷವಿಡೀ ಇದೊಂದರಲ್ಲೇ ಹಳ್ಳ ಸುತ್ತಿದರೂ ನನಗೆ ಬೇಸರವಿಲ್ಲ.

ಹಳ್ಳಕ್ಕಿಂತ ಕಾಲುವೆಯೋ ಹೊಳೆಯೋ ಒಳ್ಳೆಯದಲ್ಲವೇ? ಮೀನು ದೊಡ್ಡವು.
– ಓದುಗರು, ಕಂಪ್ಲಿ

ಕಾಲುವೆ ಬೇಡವೇ ಬೇಡ. ಸಿಮೆಂಟ್ ಹಾಸಿದ ಓರೆ ದಂಡೆಗೆ ಪಾಚಿ ಹತ್ತಿರುತ್ತದೆ, ಜಾರಿದರೆ ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲ. ಈಜು ಬಲ್ಲವರೂ ಮೇಲೆ ಹತ್ತಲಾರದೆ ಹೋದದ್ದನ್ನು ಕಂಡಿದ್ದೇನೆ, ಹೆಚ್ಚು ಬರೆಯಲಾರೆ.

ಹೊಳೆಗೆ ಬಂದರೆ, ಮುದ್ಲಾಪುರದಿಂದ ನಿಮ್ಮ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಬೈನಾಕ್ಯುಲರ್ ಒಯ್ಯಿರಿ, ರಾಡ್ ಮನೆಯಲ್ಲಿರಲಿ. ಹೊಳೆಯಲ್ಲಿ ಮೊಸಳೆಗಳೂ ಇವೆ. ಮೊಣಕಾಲುದ್ದ ನೀರಿಗಿಳಿದು ರಾಡ್ ಬೀಸುವ ವಿಡಿಯೋಗಳು ಮೊಸಳೆ ಇಲ್ಲದ ದೇಶದವು.

ಹಳ್ಳವೂ ಪೂರಾ ಸಾಧು ಅಂತಲ್ಲ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಕಾಲುವೆಯಲ್ಲಿ ನೀರು ಹೆಚ್ಚಾದಾಗ ಎಸ್ಕೇಪ್ ಗೇಟ್ ಎತ್ತಿ ಹೆಚ್ಚುವರಿಯನ್ನು ಹಳ್ಳಕ್ಕೇ ಬಿಡುವುದು. ಆಗ ಮೇಲೆ ಸುಡುಬಿಸಿಲು, ಒಂದು ಹನಿ ಮಳೆ ಇಲ್ಲ, ಆದರೂ ಹಳ್ಳ ಏರುತ್ತದೆ. ತಿಳಿಯಾಗಿದ್ದ ನೀರಿನಲ್ಲಿ ಇದ್ದಕ್ಕಿದ್ದಂತೆ ಕಸಕಡ್ಡಿ, ಒಣ ಹುಲ್ಲು ತೇಲಿಬಂದರೆ ಲೈನ್ ಸುತ್ತುತ್ತಾ ನಿಲ್ಲಬೇಡಿ, ಮೊದಲು ದಂಡೆ ಹತ್ತಿ.

ಹಿಡಿದದ್ದನ್ನು ಬಿಡಬೇಕೋ, ಸಾರು ಮಾಡಬೇಕೋ?
– ಓದುಗರು, ಮಾನ್ವಿ

ಜಿಲೇಬಿಯಾದರೆ ನನ್ನ ಕಡೆಯಿಂದ ಅಡ್ಡಿ ಇಲ್ಲ, ನೀರು ಶುದ್ಧವಿದ್ದರೆ. ಅದು ಆಫ್ರಿಕದ ತಿಲಾಪಿಯಾ, 1952ರಲ್ಲಿ ಭಾರತಕ್ಕೆ ಬಂದು ನಮ್ಮ ಮೀನುಗಳ ಜಾಗ ಕಬಳಿಸಿ ಕೂತಿದೆ. ಹಳ್ಳದ ತಳದಲ್ಲಿ ತಟ್ಟೆಯಗಲದ ಗುಂಡಿಗಳು ಕಂಡರೆ ಅವು ಗಂಡು ಜಿಲೇಬಿಯ ಗೂಡು. ಫ್ಲೈ ಗುಂಡಿಯೊಳಗೆ ಬಿದ್ದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಬಾಯಿ ಹಾಕುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡಿರುವುದರಿಂದ ಆ ದಿನಗಳಲ್ಲಿ ಎಷ್ಟು ಆಸೆ ತೋರಿಸಿದರೂ ಬರುವುದಿಲ್ಲ.

ಉಳಿದ ಸಣ್ಣವನ್ನು ಬಿಟ್ಟುಬಿಡಿ. ಮುಳ್ಳಿನ ಒಳಗಚ್ಚನ್ನು, ಅಂದರೆ ತುದಿಯ ಹತ್ತಿರ ಹಿಮ್ಮುಖವಾಗಿರುವ ಪುಟ್ಟ ಮೊನೆಯನ್ನು, ಇಕ್ಕಳದಿಂದ ಮೊದಲೇ ಒತ್ತಿ ಮಲಗಿಸಿದ್ದರೆ ಮೀನಿನ ಬಾಯಿ ಹರಿಯದೆ ಬಿಡಿಸಬಹುದು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಮೈಲೋಳೆ ಕಿತ್ತುಬಿಡುತ್ತದೆ. ಕೊರಮೀನಿಗೆ ಇನ್ನೊಂದು ಮಾತು. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಗುಳುಗುಳು ಅನ್ನುತ್ತಿದ್ದರೆ ತಾಯಿತಂದೆ ಕೆಳಗೇ ಕಾವಲಿರುತ್ತವೆ. ಆಗ ಏನು ಎಸೆದರೂ ಹಾರಿ ಕಚ್ಚುತ್ತವೆ. ಅದನ್ನು ಹಿಡಿದು ಫೋಟೋ ಹಾಕುವವರು ನನಗೆ ಪತ್ರ ಬರೆಯದಿದ್ದರೂ ಆದೀತು.

ಹತ್ತು ವರ್ಷದ ಮಗ ತನಗೂ ಬೇಕು ಅನ್ನುತ್ತಿದ್ದಾನೆ. ಕಲಿಸಬಹುದೇ?
– ಓದುಗರು, ಸಿರುಗುಪ್ಪ

ಕಲಿಸಿ, ನಮಗಿಂತ ಬೇಗ ಕಲಿಯುತ್ತಾನೆ. ತೆಂಕಾರ ಕೋಲೇ ಕೊಡಿಸಿ, ಹಗುರ. ಬಿಸಿಲು ಏರುವ ಮೊದಲು ಒಂದು ಗಂಟೆ, ಸಂಜೆ ಒಂದು ಗಂಟೆ ಸಾಕು. ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಕೋಲು ಬಿಚ್ಚಲು ಬಿಡಬೇಡಿ, 12 ಅಡಿ ಕಾರ್ಬನ್ ಕೋಲಿಗೆ ಕರೆಂಟ್ ಹರಿಯುತ್ತದೆ. ಟೋಪಿ ಮತ್ತು ಕನ್ನಡಕ ಇಲ್ಲದೆ ಹಳ್ಳಕ್ಕಿಳಿಸಬೇಡಿ, ಫ್ಲೈ ಹೋಗಿ ಬರುವುದು ಕಿವಿಯ ಪಕ್ಕದಲ್ಲೇ. ಕನ್ನಡಕ ಅವನಿಗೊಂದು, ಹಿಂದೆ ನಿಂತು ಕಲಿಸುವ ನಿಮಗೊಂದು.